ಗಾವಡಗೆರೆಯ ದೊರೆಸಾನಿ ರವಿಕೆ

ಹುಣಸೂರಿನಲ್ಲಿ ಯಾವ ಮನೆಯ ಹೆಂಗಸು ಬಸುರಿ ಎಂಬುದು ಎಷ್ಟೋ ಸಲ ಅವಳ ಗಂಡನಿಗಿಂತ ಮೊದಲು ನನಗೆ ಗೊತ್ತಾಗುತ್ತಿತ್ತು. ಇದರಲ್ಲಿ ಮಾಟವೂ ಇಲ್ಲ, ಮಂತ್ರವೂ ಇಲ್ಲ. ನನ್ನ ಗಂಡ ಅಹಮದ್ ಪಾಷಾ ಸಂತೆಬೀದಿಯ ಅಂಗಡಿಯಲ್ಲಿ ಮುಂದುಗಡೆ ಕೂತು ಗಂಡಸರ ಅಂಗಿ, ಕೋಟು ಹೊಲಿಯುತ್ತಿದ್ದರು. ಪರದೆಯ ಹಿಂದಿನ ಕೋಣೆ ನನ್ನದು. ಹೆಂಗಸರ ಅಳತೆಯೆಲ್ಲ ಅಲ್ಲಿ. ಅಂಗುಲ, ಗಜ ನನಗೆ ಬರುತ್ತಿರಲಿಲ್ಲ, ಬೇಕಾಗಿಯೂ ಇರಲಿಲ್ಲ. ಒಬ್ಬೊಬ್ಬರಿಗೆ ಒಂದೊಂದು ದಾರ. ಎದೆಗೆ ಒಂದು ಗಂಟು, ಸೊಂಟಕ್ಕೆ ಒಂದು, ತೋಳಿಗೆ ಒಂದು. ದಾರದ ತುದಿಗೆ ಅವರ ಬಟ್ಟೆಯ ಚೂರು ಕಟ್ಟಿ ಮೊಳೆಗೆ ನೇತುಹಾಕಿದರೆ ಮುಗಿಯಿತು. ಮುಂದಿನ ಸಲ ಬಂದಾಗ ದಾರ ಗಂಟಿನವರೆಗೆ ಸುತ್ತಿ ಬರದೆ ಹೋದರೆ ನಾನು ನಗುತ್ತಿದ್ದೆ, ಅವರು ತಲೆ ತಗ್ಗಿಸುತ್ತಿದ್ದರು. ಬಾಯಿಬಿಟ್ಟು ಯಾರೂ ಏನೂ ಹೇಳುತ್ತಿರಲಿಲ್ಲ. ಆ ಕೋಣೆಯ ಮಾತು ಪರದೆ ದಾಟಿತೋ, ಮರುದಿನದಿಂದ ನನ್ನ ಹತ್ತಿರ ಯಾರು ಬರುತ್ತಾರೆ?

ಹೀಗೆ ಊರಿನ ಗುಟ್ಟೆಲ್ಲ ನನ್ನ ಮೊಳೆಯಲ್ಲಿದೆ ಅನ್ನುವ ಜಂಬ ನನಗೆ ಸ್ವಲ್ಪ ಹೆಚ್ಚಾಗಿಯೇ ಇತ್ತು. ಇಲ್ಲವೆಂದರೆ ಸುಳ್ಳಾಗುತ್ತದೆ. ಗಾವಡಗೆರೆಯ ಮಲ್ಲಾಜಮ್ಮ ಬಂದ ವರ್ಷ ಅದು ಚೆನ್ನಾಗಿಯೇ ಇಳಿಯಿತು.

ಅವಳು ಬಂದದ್ದು ಕಾರ್ತೀಕ ಕಳೆದ ಮೇಲೆ, ಒಂದು ಸಂತೆಯ ದಿನ. ಗಂಡ ಮಂಟಯ್ಯ ಗಾಡಿಯ ಹತ್ತಿರ ಉಳಿದಿದ್ದ. ಇಪ್ಪತ್ತೆರಡು ಇಪ್ಪತ್ತಮೂರರ ಹುಡುಗಿ, ಗಟ್ಟಿಯಾದ ಕೈಕಾಲು, ನಕ್ಕರೆ ಕೆನ್ನೆಯಲ್ಲಿ ಗುಳಿ. ನನಗೆ ಅವಳು ಹೊಸಬಳಲ್ಲ. ಆ ಹಿಂದಿನ ನಾಲ್ಕು ವರ್ಷದಲ್ಲಿ ಮೂರು ಸಲ ಅವಳ ರವಿಕೆಯ ಹೊಲಿಗೆ ಬಿಚ್ಚಿ ಸಡಿಲ ಮಾಡಿಕೊಟ್ಟಿದ್ದೆ. ಮೂರು ಸಲವೂ ಮತ್ತೆ ಬಿಗಿ ಮಾಡಿಕೊಟ್ಟಿದ್ದೆ. ಆ ಬಿಗಿ ಮಾಡುವ ಕೆಲಸ ಯಾವ ವೈರಿಯ ಕೈಗೂ ಬರಬಾರದು.

ದಾರ ಸುತ್ತಿದೆ. ತುದಿ ಗಂಟಿಗೆ ಮುಟ್ಟಲಿಲ್ಲ. ನಾನು ನಗಲಿಲ್ಲ.

"ಎಷ್ಟಮ್ಮಾ?" ಅಂದೆ.

"ನಾಕು ತುಂಬ್ತಾ ಅದೆ ಬೂಬಮ್ಮ," ಅಂದಳು. ನಮ್ಮ ಕಡೆಯ ಹೆಂಗಸರನ್ನು ಹಳ್ಳಿಯವರು ಹಾಗೇ ಕರೆಯುವುದು. "ಈ ಸಲ ಯಾರ್ಗೂ ಗೊತ್ತಾಗಬಾರ್ದು. ಏಳು ತುಂಬೋಗಂಟ ನಮ್ಮತ್ತೆಗೂ ಗೊತ್ತಾಗಬಾರ್ದು. ನಮ್ಮನೆಯೋರ್ಗೆ ಒಬ್ರಿಗೇ ಗೊತ್ತು. ಅವರ್ನ ಒಲದಲ್ಲೇ ಇರಿ ಅಂದಿವ್ನಿ. ಮನೇಲಿದ್ರೆ ಅವರ ಮೊಖ ನೋಡೇ ಕಂಡ್ಕೊಂಡ್ಬುಡ್ತಾರೆ."

"ಅತ್ತೆಗೆ ತಿಂಗಳ ಲೆಕ್ಕ ತಿಳಿಯಲ್ವಾ?"

ಅವಳು ಸೆರಗಿನಲ್ಲಿ ಬಾಯಿ ಮುಚ್ಚಿಕೊಂಡಳು. "ತಿಂಗ್ಳು ತಿಂಗ್ಳೂ ಮೂರ್ ದಿನ ಜಗಲಿ ಮೇಲೆ ಒರಗೆ ಕೂತ್ಕತ್ತಾ ಇವ್ನಿ. ಸುಳ್ಳಿಗೆ. ಅತ್ತೆ ದೂರದಿಂದ್ಲೇ ತಟ್ಟೆಗೆ ಮುದ್ದೆ ಆಕ್ತಾರೆ. ತಿಂದ್ಕೊಂಡು ಕೂತಿರ್ತೀನಿ."

ನಾನು ಹೊಟ್ಟೆ ಹಿಡಿದು ನಕ್ಕೆ. ಮುಟ್ಟಾಗಿದ್ದೂ ಆಗಿಲ್ಲ ಅಂತ ಬಚ್ಚಿಟ್ಟು ಹಬ್ಬದಡುಗೆ ಮಾಡಿದವರನ್ನು ಕೇಳಿದ್ದೆ. ಆಗದೆ ಹೊರಗೆ ಕೂತವಳನ್ನು ಅವತ್ತೇ ಕಂಡದ್ದು.

ಆದರೆ ಅತ್ತೆಗೆ ಹೇಳಬಾರದು ಅನ್ನುವುದರಲ್ಲಿ ನ್ಯಾಯ ಇತ್ತು. ಅತ್ತೆ ಚಿಕ್ಕಬೀರಮ್ಮನ ಬಾಯಿ ಹೋಬಳಿಗೆಲ್ಲ ಹೆಸರುವಾಸಿ. ಮೊದಲ ಸಲ ಸೊಸೆಗೆ ಮೂರನೇ ತಿಂಗಳು ಹಿಡಿಯುತ್ತಲೇ ಕೇರಿಗೆಲ್ಲ ಕಡ್ಲೆಪುರಿ ಬೆಲ್ಲ ಹಂಚಿದ್ದಳು. ಎರಡನೆಯ ಸಲ ದೇವಸ್ಥಾನದ ಮುಂದೆ ನಿಂತು ಊರಿಗೆಲ್ಲ ಕೇಳುವಂತೆ ಹರಕೆ ಹೇಳಿಕೊಂಡಳು. ಮೂರನೆಯ ಸಲ ಪಿರಿಯಾಪಟ್ಟಣದ ಮೋಟಾರು ಹತ್ತಿದವಳು ಇಳಿಯುವ ಹೊತ್ತಿಗೆ ಗುರುತಿಲ್ಲದ ಜನಕ್ಕೂ ಸುದ್ದಿ ಮುಟ್ಟಿಸಿದ್ದಳು. ಪ್ರತಿ ಸಲವೂ ಜನ ಬಂದು ಮಲ್ಲಾಜಮ್ಮನ ಹೊಟ್ಟೆ ನೋಡಿ ಹೋದರು. ತಿಂಗಳೊಪ್ಪತ್ತಿನಲ್ಲಿ ಅದೇ ಜನ ಮತ್ತೆ ಬಂದು ಬರಿಯ ಹೊಟ್ಟೆ ನೋಡಿ ಲೊಚಗುಟ್ಟಿದರು.

"ಓಗಿದ್ದಕ್ಕೆ ಅಳನಾ ಬೂಬಮ್ಮ, ಬಂದೋರಿಗೆ ಕಾಪಿ ಕಾಸನಾ?" ಅಂದಳು ಮಲ್ಲಾಜಮ್ಮ. "ಯಾರ ಕಣ್ಣು ಎಂಗಿರ್ತದೋ. ಈ ಸಲ ಇದರ ಮ್ಯಾಲೆ ಒಂದ್ ಕಣ್ಣೂ ಬೀಳಬಾರ್ದು. ಅದ್ಯಾವ ಬಟ್ಟೆ ಹೊಲಿದ್ರೆ ಕಾಣಾಕಿಲ್ವೋ ಅದ್ನ ಹೊಲ್ಕೊಡು."

ನನಗೂ ಒಂದು ಹಾಗೆಯೇ ಹೋಗಿತ್ತು. ಆದರೆ ನನಗೆ ಬುರ್ಖಾ ಇತ್ತು. ಬಂದದ್ದೂ ಬೀದಿಗೆ ಗೊತ್ತಾಗಲಿಲ್ಲ, ಹೋದದ್ದೂ ಗೊತ್ತಾಗಲಿಲ್ಲ. ನನ್ನ ಪಾಡಿಗೆ ನಾನು ಅತ್ತುಕೊಂಡೆ. ಆ ಸೌಕರ್ಯ ಈ ಹುಡುಗಿಗೆ ಇರಲಿಲ್ಲ. ಮೊಣಕಾಲಿನಿಂದ ಸ್ವಲ್ಪ ಕೆಳಗಿನವರೆಗೆ ಬಿಗಿದು ಉಟ್ಟ ಸೀರೆ, ಎದೆಯ ಕೆಳಗೆ ಗಂಟು ಹಾಕುವ ಗೇಣುದ್ದದ ರವಿಕೆ, ನಡುವೆ ಹೊಟ್ಟೆ ಹೊರಗೆ. ಐದನೇ ತಿಂಗಳಲ್ಲಿ ಬಾವಿಕಟ್ಟೆಗೆ ಕೊಡ ಹಿಡಿದು ಹೋದರೆ ಕುರುಡನಿಗೂ ಕಾಣುತ್ತದೆ.

ಯೋಚನೆ ಮಾಡಿದಾಗ ನೆನಪಾದದ್ದು ಒಂದು ಗೌನು. ಎಷ್ಟೋ ವರ್ಷದ ಹಿಂದೆ ಕೊಡಗಿನ ಗಡಿಯ ಕಾಫಿ ತೋಟದ ದೊರೆಸಾನಿಯೊಬ್ಬಳು ರಿಪೇರಿಗೆ ಅಂತ ತನ್ನ ಆಯಾಳ ಕೈಲಿ ಕಳಿಸಿದ್ದಳು. ನನ್ನ ಗಂಡ ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಇದರ ಒಳಗೆ ಇನ್ನೊಂದು ಮನೆ ಇದೆ ಅಂತ ನನ್ನ ಕೈಗೆ ಕೊಟ್ಟರು. ನಿಜ. ಎದೆಯ ಮೇಲೆ ಒಂದು ಪಟ್ಟಿ, ಪಟ್ಟಿಯಿಂದ ಕೆಳಕ್ಕೆ ಬರೀ ನಿರಿಗೆ. ಒಳಗೆ ಎರಡೂ ಪಕ್ಕೆಯಲ್ಲಿ ಸಾಲಾಗಿ ಸಣ್ಣ ಕಾಜಾ, ಅದರೊಳಗೆ ಲಾಡಿ. ತಿಂಗಳು ಕಳೆದ ಹಾಗೆ ಲಾಡಿ ಸಡಿಲಿಸುತ್ತ ಹೋದರೆ ಮೈಗೆ ಜಾಗ ಸಿಗುತ್ತದೆ, ಹೊರಗಿನಿಂದ ನೋಡಿದವರಿಗೆ ಮೊನ್ನೆಯದೇ ಗೌನು. ಅವರಲ್ಲಿ ಹೊಟ್ಟೆ ಕಾಣಿಸಿದರೆ ಮರ್ಯಾದೆಗೇಡಂತೆ. ಒಂಬತ್ತು ತಿಂಗಳಾದರೂ ಬಸುರಿ ಅನ್ನುವ ಮಾತನ್ನೇ ಯಾರೂ ಎತ್ತುವುದಿಲ್ಲವಂತೆ.

"ಹಾಗಾದರೆ ಮಗು ಹುಟ್ಟಿದ ಮೇಲೆ ಎಲ್ಲಿಂದ ಬಂತು ಅಂತ ಕೇಳ್ತಾರಾ?" ಅಂತ ಆ ಆಯಾಳನ್ನು ಕೇಳಿದ್ದೆ. ಅವಳು ನಕ್ಕು ನಕ್ಕು ಕೆಮ್ಮಿದಳು.

ಅವರು ನಾಚಿಕೆಗೆ ಮುಚ್ಚುತ್ತಾರೆ, ನಮ್ಮವರು ದೃಷ್ಟಿಗೆ ಹೆದರಿ ಮುಚ್ಚುತ್ತಾರೆ. ಬಟ್ಟೆಗೆ ಆ ವ್ಯತ್ಯಾಸ ಯಾಕೆ? ನಾನು ಆ ಗೌನಿನ ಜಾಣತನವನ್ನೆಲ್ಲ ರವಿಕೆಗೆ ಇಳಿಸಿದೆ. ಹೂವಿನ ಚೀಟಿ ಬಟ್ಟೆ, ತೆಳ್ಳಗೆ, ಮೆತ್ತಗೆ. ಎದೆಯ ಮೇಲೆ ಪಟ್ಟಿ, ಅಲ್ಲಿಂದ ಸೊಂಟದ ಕೆಳಗಿನವರೆಗೆ ನಿರಿಗೆ, ಒಳಪಕ್ಕೆಯಲ್ಲಿ ಲಾಡಿ. ಸೀರೆ ಉಟ್ಟ ಮೇಲೆ ಅದರ ಮೇಲೆ ರವಿಕೆ ಇಳಿಯಬೇಕು, ರವಿಕೆಯ ಮೇಲೆ ಸೆರಗು ಬರಬೇಕು. ಮಲ್ಲಾಜಮ್ಮನಿಗೆ ತೊಡಿಸಿ ನೋಡಿದೆ. ನಾಲ್ಕು ತಿಂಗಳ ಬಸುರಿ ಮಾಯವಾಗಿದ್ದಳು. ನನ್ನ ಕೈಗೆ ನಾನೇ ಮುತ್ತಿಟ್ಟುಕೊಳ್ಳಬೇಕು ಅನ್ನಿಸಿತು.

ಮುಂದಿನ ಸಂತೆಗೆ ಬಂದವಳು ಪರದೆ ಸರಿಸುತ್ತಲೇ ಅತ್ತಳು.

"ಬೂಬಮ್ಮ, ಊರ್ಗೆ ಊರೇ ನನ್ನನ್ನೇ ನೋಡ್ತದೆ. ಬಾವಿ ತಾವ ಓದ್ರೆ, 'ಇದೇನ್ ಮಲ್ಲಾಜಿ, ಗೋಣೀಚೀಲ ಆಕ್ಕೊಂಡಿದ್ದೀಯೆ? ಒಳಗೇನ್ ಮಡಗಿದ್ದೀಯೆ?' ಅಂತ ಮರಮ್ಮ ನಿರಿಗೆ ಎತ್ತಿ ನೋಡಾಕ್ ಬಂದ್ಲು. ನಾನು ಕೊಡ ಬುಟ್ಟು ಓಡ್ಬಂದೆ."

ಆಗ ನನ್ನ ತಪ್ಪು ನನಗೆ ಕಂಡಿತು. ದೊರೆಸಾನಿಯರ ಊರಿನಲ್ಲಿ ಎಲ್ಲರೂ ಗೌನು ತೊಡುತ್ತಾರೆ, ಆದ್ದರಿಂದ ಒಬ್ಬಳ ಗೌನು ಬಚ್ಚಿಡುತ್ತದೆ. ಗಾವಡಗೆರೆಯಲ್ಲಿ ಗೇಣು ರವಿಕೆ ತೊಡುವವರು, ರವಿಕೆಯನ್ನೇ ತೊಡದವರು, ಇಷ್ಟೇ ಇರುವುದು. ಅವರ ನಡುವೆ ಒಬ್ಬಳೇ ಒಬ್ಬಳಿಗೆ ಹೂವಿನ ಚೀಟಿಯ ನಿರಿಗೆ ರವಿಕೆ ತೊಡಿಸಿ ಬಿಟ್ಟಿದ್ದೆ. ಮುಚ್ಚಲು ಹೋಗಿ ಮೆರವಣಿಗೆ ಮಾಡಿದ್ದೆ. ಈಗ ಅದನ್ನು ತೆಗೆದು ಹಳೆಯ ರವಿಕೆಗೆ ಹೋಗುವಂತೆಯೂ ಇರಲಿಲ್ಲ, ನಾಲ್ಕು ತುಂಬಿ ಹೊಟ್ಟೆ ಕಾಣತೊಡಗಿತ್ತು. ಮೂರು ಕಳೆದುಕೊಂಡವಳು ನಾಲ್ಕನೆಯದನ್ನು ನನ್ನ ಸೂಜಿಯನ್ನು ನಂಬಿ ಒಪ್ಪಿಸಿದ್ದಳು. ಆ ವಾರ ನನಗೆ ಊಟ ಸೇರಲಿಲ್ಲ.

ಆ ಹೊತ್ತಿಗೆ ಸರಿಯಾಗಿ, ಮರುವಾರದ ಸಂತೆಯಲ್ಲಿ, ಪರದೆ ಸರಿಸಿಕೊಂಡು ಒಳಗೆ ಬಂದದ್ದು ಯಾರು? ಚಿಕ್ಕಬೀರಮ್ಮ. ಒಬ್ಬಳೇ.

ಆಕೆಗೆ ಐವತ್ತು ದಾಟಿತ್ತು. ಹುಟ್ಟಿದಾಗಿನಿಂದ ಮೈಗೆ ರವಿಕೆ ತಾಗಿಸಿದವಳಲ್ಲ. ಆ ವಯಸ್ಸಿನ ಹಳ್ಳಿ ಹೆಂಗಸರು ಸೀರೆಯನ್ನೇ ಎದೆಗೆ ಸುತ್ತಿ ಭುಜದ ಮೇಲೆ ಗಂಟು ಹಾಕುತ್ತಿದ್ದರು. ಅದರ ಮೇಲೆ ಇನ್ನೊಂದು ಬಟ್ಟೆ ಯಾಕೆ ಅನ್ನುವುದು ಅವರ ವಾದ. ರವಿಕೆ ತೊಟ್ಟ ಸೊಸೆಯರನ್ನು ಕಂಡರೆ ಕೈಗೆ ಚೀಲ ಸಿಕ್ಕಿಸಿಕೊಂಡವರು ಅಂತ ಆಡಿಕೊಳ್ಳುತ್ತಿದ್ದವಳು ಇವಳೇ.

"ಬೂಬಮ್ಮ, ನನ್ ಸೊಸೆಗೆ ಹೊಲ್ದಿದ್ದೀಯಲ್ಲ, ಅಂತದ್ದೇ ನಂಗೂ ಒಂದ್ ಹೊಲಿ," ಅಂದಳು.

ನಾನು ಕತ್ತರಿ ಕೆಳಗಿಟ್ಟೆ. "ಏನವ್ವಾ ಇದ್ದಕ್ಕಿದ್ದಂಗೆ? ನಿಮಗೆ ಯಾಕೆ ರವಿಕೆ?"

"ದಸರಾದಲ್ಲಿ ಮೈಸೂರ್ಗೆ ಓಗಿದ್ನಲ್ಲ, ಅಲ್ಲಿ ನೋಡ್ದೆ. ದೊಡ್ಡಮನೆ ಎಂಗುಸ್ರೆಲ್ಲ ಇಂತದ್ದೇ ಆಕ್ಕತ್ತಾರೆ."

ಮೈಸೂರಿನಲ್ಲಿ ಇಂಥದ್ದನ್ನು ಯಾರೂ ತೊಡುವುದಿಲ್ಲ ಅನ್ನುವುದು ನನಗೆ ಚೆನ್ನಾಗಿ ಗೊತ್ತು, ಯಾಕೆಂದರೆ ಇದನ್ನು ಕಂಡುಹಿಡಿದವಳು ನಾನು. ಮುದುಕಿ ಸುಳ್ಳು ಹೇಳುತ್ತಿದ್ದಾಳೆ, ಗುಟ್ಟು ಕೆದಕಲು ಬಂದಿದ್ದಾಳೆ ಅಂತ ಖಾತ್ರಿಯಾಯಿತು. ದಾರ ತೆಗೆದುಕೊಂಡು ಅಳತೆಗೆ ನಿಂತೆ. ಕಂಕುಳಿಗೆ ದಾರ ಹೋದರೆ ಸಾಕು, ಕಚಗುಳಿಯಾಗಿ ಕುಣಿದಾಡಿದಳು.

"ಐವತ್ತು ವರ್ಸ ಗಾಳಿ ಕುಡ್ದ ತೋಳು ಕಣವ್ವ, ಈಗ ಚೀಲಕ್ಕೆ ತುಂಬ್ತಾ ಇದ್ದೀಯೆ," ಅಂತ ನಕ್ಕಳು. ಆಮೇಲೆ ನನ್ನ ಮುಖವನ್ನೇ ನೋಡಿಕೊಂಡು, "ಒಟ್ಟೆ ತಾವ ಅವಳ್ಗೆ ಬುಟ್ಟಷ್ಟೇ ಸಡ್ಲ ನಂಗೂ ಬುಡು. ಒಳಗೆ ಲಾಡಿ ಅದೆಯಲ್ಲ, ಅದೂ ಇರ್ಲಿ," ಅಂದಳು.

"ಆ ಲಾಡಿ ಚಳಿಗಾಲಕ್ಕೆ ಅವ್ವಾ. ಗಾಳಿ ನುಗ್ಗದ ಹಾಗೆ."

"ಓ. ಚಳಿಗೆ," ಅಂದಳು. ಅಷ್ಟೇ. ಇನ್ನೊಂದು ಮಾತು ಕೇಳದೆ ಎಲೆಅಡಿಕೆ ಹಾಕಿಕೊಂಡು ಹೋದಳು.

ನನಗೆ ಮೈಯೆಲ್ಲ ಉರಿದುಹೋಯಿತು. ಆ ಹುಡುಗಿಯನ್ನು ಮೂರು ಸಲ ಊರಿನ ಬಾಯಿಗೆ ಹಾಕಿದ್ದು ಸಾಲದು ಅಂತ ಈಗ ಲಾಡಿ ಎಣಿಸಲು ಬಂದಿದ್ದಾಳೆ ಅನ್ನಿಸಿತು. ಸಿಟ್ಟಿಗೆ ಒಂದು ಸಣ್ಣತನ ಮಾಡಿದೆ. ಕೈಗೆ ಸಿಕ್ಕ ಒಳ್ಳೆಯ ಬಟ್ಟೆ ಬಿಟ್ಟು, ಡೇರೆಗೆ ಹಾಕುವಂಥ ಒರಟು ಗಂಜಿಬಟ್ಟೆ ಆರಿಸಿದೆ. ಒಳಗಿನ ಅಂಚನ್ನು ಮಡಿಸದೆ ಹಾಗೇ ಬಿಟ್ಟೆ. ಜೀವಮಾನದಲ್ಲಿ ಏನೂ ತೊಡದ ಬೆನ್ನು, ಕೆರೆದುಕೊಳ್ಳಲಿ ಅಂತ. ಎರಡೇ ದಿನದಲ್ಲಿ ಬಿಸಾಡುತ್ತಾಳೆ ಅಂದುಕೊಂಡಿದ್ದೆ.

ಬಿಸಾಡಲಿಲ್ಲ. ಅದನ್ನು ತೊಟ್ಟು ಇಡೀ ಊರು ತಿರುಗಿದಳಂತೆ. ಮೊದಲ ವಾರ ಜನ ಬಿದ್ದು ಬಿದ್ದು ನಕ್ಕರು. ಅವಳ ಅಣ್ಣ ದೊಡ್ಡಬೀರಯ್ಯ, ನಮ್ಮ ಬೀರಿಗೆ ಇನ್ನೊಂದು ಮದುವೆ ಅಂತ ಕಾಣ್ತದೆ ಅಂದನಂತೆ. ಅವಳು ಯಾವುದಕ್ಕೂ ಜಗ್ಗಲಿಲ್ಲ. ಬಾವಿಕಟ್ಟೆ, ಕಣ, ಗಿರಣಿ, ಎಲ್ಲಿ ನಾಲ್ಕು ಜನ ಸೇರಿದರೆ ಅಲ್ಲಿ ರವಿಕೆಯ ಮಾತೇ ಮಾತು. ಇದನ್ನು ತೊಟ್ಟರೆ ಸೊಂಟ ನೋವು ಹೋಗುತ್ತದೆ, ಬಿಸಿಲಿಗೆ ತಂಪು, ಚಳಿಗೆ ಬೆಚ್ಚಗೆ, ತೊಡದವರು ಹಳ್ಳಿಗುಗ್ಗುಗಳು. ಅವಳ ಬಾಯಿಯ ಮುಂದೆ ಯಾರು ನಿಲ್ಲುತ್ತಾರೆ? ಎರಡನೇ ವಾರಕ್ಕೆ ನಗು ನಿಂತಿತು. ಮೂರನೇ ವಾರಕ್ಕೆ ನಿರಿಗೆ ಎತ್ತಿ ನೋಡಲು ಹೋಗಿದ್ದ ಮರಮ್ಮನೇ ನನ್ನ ಪರದೆಯ ಮುಂದೆ ನಿಂತಿದ್ದಳು. "ನಂಗೂ ಒಂದು ದೊರೆಸಾನಿ ರವಿಕೆ," ಅಂದಳು. ಆ ಹೆಸರು ಮಲ್ಲಾಜಮ್ಮನ ಬಾಯಿಂದ ಬಂದದ್ದಿರಬೇಕು, ಗೌನಿನ ಕತೆ ನಾನು ಹೇಳಿದ್ದು ಅವಳಿಗೊಬ್ಬಳಿಗೇ.

ಸಂಕ್ರಾಂತಿಗೆ ಆರು ಜನ ಬಂದರು. ಶಿವರಾತ್ರಿಯ ಹೊತ್ತಿಗೆ ಆ ಕೇರಿಯಲ್ಲಿ ದೊರೆಸಾನಿ ರವಿಕೆ ಇಲ್ಲದ ಮನೆ ಇರಲಿಲ್ಲ. ನನಗೆ ಒಬ್ಬಳಿಗೇ ಆಗದೆ ನನ್ನ ಗಂಡನೂ ಮಧ್ಯಾಹ್ನದ ಹೊತ್ತು ಕೋಟು ಬದಿಗಿಟ್ಟು ನಿರಿಗೆ ಹಿಡಿಯಲು ಕೂತರು. "ಈ ಊರಿನ ಗಂಡಸರಿಗೆ ಹೆಂಡತಿಯ ಸೊಂಟ ಎಲ್ಲಿದೆ ಅನ್ನೋದೇ ಮರೆತುಹೋಗ್ತದೆ," ಅಂತ ಗೊಣಗುತ್ತಿದ್ದರು.

ಮಲ್ಲಾಜಮ್ಮ ಆರನೇ ತಿಂಗಳಲ್ಲಿ ಲಾಡಿ ಸಡಿಲಿಸಿಕೊಂಡು ಹೋಗಲು ಬಂದಾಗ ಕೆನ್ನೆಯ ಗುಳಿ ವಾಪಸು ಬಂದಿತ್ತು. ಬಾವಿಕಟ್ಟೆಯಲ್ಲಿ ಹತ್ತು ಜನರ ನಡುವೆ ಅವಳೂ ಒಬ್ಬಳು. ಯಾರ ರವಿಕೆಯೊಳಗೆ ಮುದ್ದೆ ಇದೆ, ಯಾರದರೊಳಗೆ ಮಗು ಇದೆ, ದೇವರಿಗೇ ಗೊತ್ತು. "ನಮ್ಮತ್ತೆಗೆ ಉಚ್ಚು ಇಡೀತಲ್ಲ ಬೂಬಮ್ಮ, ನನ್ನ ಪುಣ್ಯ," ಅಂದಳು. ನಾನೂ ಹಾಗೇ ಅಂದುಕೊಂಡೆ. ಮುದುಕಿಯ ಶೋಕಿ ನಮ್ಮ ಕೆಲಸಕ್ಕೆ ಬಂತು ಅಂತ ಒಳಗೊಳಗೇ ನಕ್ಕೆ.

ಯುಗಾದಿ ಕಳೆದ ಮೇಲಿನ ಸಂತೆಗೆ ಅತ್ತೆ ಸೊಸೆ ಇಬ್ಬರೂ ಒಟ್ಟಿಗೆ ನನ್ನ ಕೋಣೆಗೆ ಬಂದರು. ಏಳು ತುಂಬಿತ್ತು. ಹೇಳುವುದಾದರೆ ನಿನ್ನ ಮುಂದೆಯೇ ಹೇಳುತ್ತೇನೆ, ಮನೆಯಲ್ಲಿ ಧೈರ್ಯ ಬರುವುದಿಲ್ಲ ಅಂತ ಮಲ್ಲಾಜಮ್ಮ ನನಗೆ ಮೊದಲೇ ಅಂದಿದ್ದಳು. ಚಾಪೆಯ ಮೇಲೆ ಕೂತು, ಕಣ್ಣು ಚಾಪೆಯಲ್ಲೇ ಇಟ್ಟು, ಶುರು ಮಾಡಿದಳು.

"ಅತ್ತೆ, ಒಂದ್ ಮಾತು. ಬಯ್ಬೇಡಿ. ನಂಗೆ... ನಂಗೆ ಏಳು ತಿಂಗ್ಳು."

"ಏಳಲ್ಲ ಕಣೆ," ಅಂದಳು ಚಿಕ್ಕಬೀರಮ್ಮ. "ಏಳರ ಮ್ಯಾಲೆ ಅನ್ನೊಂದು ದಿನ."

ಮಲ್ಲಾಜಮ್ಮ ತಲೆ ಎತ್ತಿ ಅತ್ತೆಯನ್ನೇ ನೋಡಿದಳು. ನನ್ನ ಕೈಯ ಸೂಜಿ ಎಲ್ಲಿ ಬಿತ್ತೋ ಗೊತ್ತಿಲ್ಲ.

"ಮದ್ವೆಯಾಗಿ ಬಂದಾಗ್ಲಿಂದ ಒರಗಾದಾಗ್ಲೆಲ್ಲ ಸೊಂಟ ಇಡ್ಕೊಂಡು ಅವ್ವೋ ಅಪ್ಪೋ ಅಂತಾ ಇದ್ದೋಳು ನೀನು. ಈ ಸಲ ಜಗಲಿ ಮ್ಯಾಲೆ ಕಾಲ್ ನೀಡ್ಕೊಂಡು ಎಲ್ಡೆಲ್ಡ್ ಮುದ್ದೆ ನುಂಗ್ದೆ. ನಂಗೇನ್ ಕಣ್ಣಿಲ್ವಾ?"

"ಮತ್ಯಾಕತ್ತೆ ಒಂದ್ ಸಲಾನೂ ಕೇಳ್ಲಿಲ್ಲ?"

ಚಿಕ್ಕಬೀರಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆ ಹೆಂಗಸು ಸುಮ್ಮನಿದ್ದದ್ದನ್ನು ನಾನು ಕಂಡದ್ದು ಅದೇ ಮೊದಲು.

"ಕೇಳುದ್ರೆ ನೀನು ಊ ಅಂತಿದ್ದೆ. ಊ ಅಂದ್ಮೇಲೆ ನನ್ ಬಾಯಿ ನಿಲ್ತಿತ್ತಾ? ಮೂರು ಸಲ ನಾನೇ ಊರ್ಗೆಲ್ಲ ಸಾರ್ದೆ. ಮೂರೂ ಓದೋ. ನನ್ ಬಾಯಿಂದ್ಲೇ ಓದೋ ಏನೋ ಅಂತ ಒಳಗೊಳಗೇ ಬೆಂದೋದೆ ಕಣವ್ವ. ಯಾರ ತಾವ ಯೋಳನ?" ಸೆರಗಿನಿಂದ ಮೂಗು ಒರೆಸಿಕೊಂಡಳು. "ಬಾಯ್ ಮುಚ್ಕೊಂಡು ಕೂರಾಕೆ ನನ್ ಕೈಲಿ ಆಗಾಕಿಲ್ಲ. ಅದ್ಕೇ ರವಿಕೆ ವಿಸ್ಯ ಇಡ್ಕೊಂಡೆ. ನಿನ್ ಮಾತು ಬಾಯ್ಗೆ ಬಂದಾಗ್ಲೆಲ್ಲ ರವಿಕೆ ಮಾತಾಡ್ದೆ. ಬಾಯ್ಗೂ ಕೆಲ್ಸ ಆಯ್ತು, ನಿನ್ ಮ್ಯಾಲಿದ್ದ ಕಣ್ಣೂ ನನ್ ಕಡೆಗಾದೋ."

ಮಲ್ಲಾಜಮ್ಮ ಅತ್ತೆಯ ತೊಡೆಯ ಮೇಲೆ ತಲೆ ಇಟ್ಟು ಅತ್ತಳು. ಅತ್ತೆ ಅವಳ ಬೆನ್ನು ಸವರುತ್ತ ಕೂತಳು. ನಾನು ಎಲ್ಲಿಗೆ ನೋಡಲಿ? ನನ್ನ ಕಣ್ಣು ಹೋದದ್ದು ಚಿಕ್ಕಬೀರಮ್ಮನ ತೋಳಿಗೆ. ಒರಟು ಬಟ್ಟೆಯ ಅಂಚು ಉಜ್ಜಿ ಉಜ್ಜಿ ಅಲ್ಲಿ ಕೆಂಪಗೆ ಬರೆ ಎದ್ದಿತ್ತು. ಮೂರು ತಿಂಗಳು, ದಿನವೆಲ್ಲ, ಬಿಸಿಲಿನಲ್ಲಿ ಅದನ್ನು ತೊಟ್ಟು ತಿರುಗಿದ್ದಳು. ಆವತ್ತು ನನಗಾದಷ್ಟು ನಾಚಿಕೆ ಮತ್ತೆ ಯಾವತ್ತೂ ಆಗಿಲ್ಲ.

"ಅವ್ವಾ, ತಪ್ಪಾಯ್ತು," ಅಂದೆ. "ನೀವು ಗುಟ್ಟು ತಿಳಿಯೋಕೆ ಬಂದಿದ್ದೀರಿ ಅಂತ ಸಿಟ್ಟಾಗಿತ್ತು. ಬೇಕು ಅಂತಲೇ ಆ ಒರಟು ಬಟ್ಟೇಲಿ ಹೊಲಿದೆ."

"ಗೊತ್ತು ಬುಡು," ಅಂದಳು. "ತೊಟ್ಟ ದಿನವೇ ಗೊತ್ತಾಯ್ತು. ಈ ಬೂಬಮ್ಮ ನನ್ ಸೊಸೆ ಕಡೆ ನಿಂತವ್ಳೆ, ನನ್ನ ಕಂಡ್ರೆ ಉರ್ಕತ್ತಾಳೆ ಅಂತ. ಆವತ್ತೇ ನಂಗೆ ಸಮಾದಾನ ಆಗಿದ್ದು. ತಾಯಿ ಇಲ್ದ ಉಡ್ಗಿ ಅದು. ನಾನಂತೂ ಅವಳ ತಾವ ಬಾಯ್ ಬುಡಂಗಿರ್ಲಿಲ್ಲ."

ನಾನು ಆಗಲೇ ಆ ರವಿಕೆಯನ್ನು ಬಿಚ್ಚಿಸಿ, ನನ್ನ ಮಗಳ ಮದುವೆಗೆ ಅಂತ ಇಟ್ಟಿದ್ದ ನುಣುಪಾದ ಮಲ್ಲು ಬಟ್ಟೆಯಲ್ಲಿ ಬೇರೆಯದನ್ನು ಹೊಲಿಯಲು ಕೂತೆ. ಅಳತೆಗೆ ದಾರ ಬೇಕಾಗಲಿಲ್ಲ. ಹೊಲಿದು ಮುಗಿಯುವವರೆಗೆ ಅತ್ತೆ ಸೊಸೆ ಚಾಪೆಯ ಮೇಲೆ ಕೂತು ಬಾಳೆಹಣ್ಣು ತಿಂದರು, ಹುಟ್ಟಿದರೆ ಯಾರ ಹಾಗಿರಬಾರದು ಅಂತ ಜಗಳವಾಡಿದರು. ಇನ್ನು ಊರಿಗೆ ಹೇಳಬಹುದಲ್ಲ ಅಂತ ಮಲ್ಲಾಜಮ್ಮನೇ ಅಂದಳು. ಚಿಕ್ಕಬೀರಮ್ಮ ತಲೆ ಅಲ್ಲಾಡಿಸಿದಳು. ಕೈಗೆ ಮಗು ಬರುವವರೆಗೆ ಬಾಯಿ ಬಿಡುವುದಿಲ್ಲ ಅಂದಳು. ನೀವಾ, ಅಂತ ನಾವಿಬ್ಬರೂ ಒಟ್ಟಿಗೇ ನಕ್ಕೆವು.

ಬಿಡಲಿಲ್ಲ. ಉಳಿದ ದಿನವನ್ನೆಲ್ಲ ರವಿಕೆಯ ಬಲದ ಮೇಲೆ ಕಳೆದಳು. ಆ ಎರಡು ತಿಂಗಳು ನಾನು ಐದು ಹೊತ್ತಿನ ನಮಾಜಿನಲ್ಲೂ ಆ ಹುಡುಗಿಯ ಹೆಸರು ಹೇಳಿದೆ.

ವೈಶಾಖದಲ್ಲಿ ಒಂದು ಸಂತೆಯ ದಿನ, ಬಿಸಿಲು ಏರುವ ಹೊತ್ತು, ಪರದೆ ಸರಿಯಿತು. ಚಿಕ್ಕಬೀರಮ್ಮ ಒಳಗೆ ಬಂದು ಗೋಡೆಗೆ ಒರಗಿ ನಿಂತಳು. ಬಾಯಿ ತೆರೆದಳು, ಮಾತು ಬರಲಿಲ್ಲ. ಮಗುವಿಗೆ ಏನಾಯಿತೋ ಅಂತ ಎದ್ದು ನಿಂತೆ. ಆಮೇಲೆ ನೋಡಿದರೆ ಅವಳು ಅಳುತ್ತಲೂ ಇದ್ದಳು, ನಗುತ್ತಲೂ ಇದ್ದಳು.

"ಎಣ್ಣು," ಅಂದಳು. "ತಾಯಿ ಮಗು ಇಬ್ರೂ ಸಂದಾಗವ್ರೆ. ನೆನ್ನೆ ಬೆಳಿಗ್ಗೆ ಆಯ್ತು. ಸೂಲಗಿತ್ತಿ ಬುಟ್ರೆ ನಿಂಗೇ ಮೊದ್ಲು ಯೋಳ್ತಾ ಇರೋದು. ಗಾವಡಗೆರೆಯಿಂದ ಇಲ್ಲೀಗಂಟ ದಾರೀಲಿ ಯಾರ್ ಕೇಳುದ್ರೂ ಯೋಳ್ನಿಲ್ಲ."

ನಾನು ಅವಳ ಎರಡೂ ಕೈ ಹಿಡಿದುಕೊಂಡೆ. ಹೊರಗೆ ಸಂತೆಯ ಗದ್ದಲ. ಅವಳು ಆ ಕಡೆಗೊಮ್ಮೆ ನೋಡಿದಳು, ನನ್ನ ಕಡೆಗೊಮ್ಮೆ ನೋಡಿದಳು. ಬಾಯಿ ಬಿಡಲು ಜೀವಮಾನದಲ್ಲಿ ಯಾರ ಅಪ್ಪಣೆಯನ್ನೂ ಕೇಳದ ಹೆಂಗಸು ಸಣ್ಣ ದನಿಯಲ್ಲಿ ನನ್ನನ್ನು ಕೇಳಿದಳು.

"ಬೂಬಮ್ಮ, ಇನ್ನು ಯೋಳ್ಬೋದಾ?"

"ಹೇಳಿ ಅವ್ವಾ," ಅಂದೆ. "ಎಲ್ಲರಿಗೂ ಹೇಳಿ."

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಪರದೆ ಸರಿಸಿ ಬೀದಿಗೆ ಇಳಿದಳು. ಮೆಟ್ಟಿಲ ಹತ್ತಿರವೇ ಶುರು ಮಾಡಿದಳು. "ನಂಗೆ ಮೊಮ್ಮಗಳು ಉಟ್ಟವ್ಳೆ ಕಣ್ರಪ್ಪೋ!" ತರಕಾರಿಯವರಿಗೆ ಹೇಳಿದಳು, ಬಳೆಯವನಿಗೆ ಹೇಳಿದಳು, ಕುರಿ ಕೊಳ್ಳಲು ಬಂದವರನ್ನು ನಿಲ್ಲಿಸಿ ಹೇಳಿದಳು. ದನಿ ಸಂತೆಯ ಆ ತುದಿಯವರೆಗೂ ಹೋಯಿತು. ನಾನು ಹೊಲಿಗೆ ಬದಿಗಿಟ್ಟು ಕೇಳುತ್ತ ಕೂತೆ.